ಓಹಿಯೋದ ಪಟ್ಟಿ, ವಾಸ್ಕೋದ ಓಣಿ

ಪ್ರಶ್ನೆ: ನಾವು ಗದಗ ಕಡೆಯವರು. ಯಜಮಾನರು ರೈಲ್ವೆಯಲ್ಲಿದ್ದರು, ಹಾಗಾಗಿ ಬಹಳ ವರ್ಷಗಳಿಂದ ಗೋವಾದ ವಾಸ್ಕೋದಲ್ಲೇ ಇದ್ದೇವೆ. ಮಗಳು ಅಮೆರಿಕದ ಓಹಿಯೋ ರಾಜ್ಯದ ಒಂದು ಸಣ್ಣ ಊರಿನಲ್ಲಿದ್ದಾಳೆ. ಅಳಿಯ ಅಲ್ಲಿಯವನೇ, ಬಿಳಿಯ. ಆ ಊರಿನ ಜನರ ಪಟ್ಟಿ ನೆಟ್‌ನಲ್ಲಿದೆ: ಬಿಳಿಯರು ಶೇಕಡಾ ಇಷ್ಟು, ಕರಿಯರು ಇಷ್ಟು, ಏಷ್ಯನ್ನರು ಇಷ್ಟು ಅಂತ. ಕೂಡಿಸಿದರೆ ನೂರು ದಾಟುತ್ತದೆ. ಏಷ್ಯನ್ನರ ಸಾಲಿನಲ್ಲಿ ಸೊನ್ನೆ. 2020ರ ಗಣತಿಯ ಹೊತ್ತಿಗೆ ಮಗಳು ಅಲ್ಲೇ ಇದ್ದಳು, ಫಾರಂ ತುಂಬಿದ್ದೂ ಅವಳೇ. ಹಾಗಾದರೆ ಅವಳು ಎಲ್ಲಿ ಹೋದಳು? ಎರಡನೆಯದು, ನಮ್ಮ ವಾಸ್ಕೋಗೆ ಇಂಥ ಪಟ್ಟಿ ಯಾಕಿಲ್ಲ? ಇಲ್ಲಿ ಅಕ್ಕಪಕ್ಕದವರು ‘ಅರ್ಧ ವಾಸ್ಕೋ ನಿಮ್ಮ ಕನ್ನಡದವರೇ’ ಅನ್ನುತ್ತಾರೆ. ನಿಜವೇ?

ಉತ್ತರ: ಮೊದಲು ನೂರು ದಾಟುವ ಲೆಕ್ಕ ಮುಗಿಸೋಣ, ಅದು ಸುಲಭ. ಅಮೆರಿಕದ 2020ರ ಫಾರಂನಲ್ಲಿ ಎರಡು ಪ್ರಶ್ನೆ ಬೇರೆ ಬೇರೆ ಇದ್ದವು. ಒಂದು, ನೀವು ಹಿಸ್ಪ್ಯಾನಿಕ್ ಅಥವಾ ಲಟೀನೊ ಮೂಲದವರೇ (ಅಂದರೆ ಸ್ಪ್ಯಾನಿಷ್ ಮಾತಿನ ದೇಶಗಳ, ಲ್ಯಾಟಿನ್ ಅಮೆರಿಕದ ಕಡೆಯವರೇ), ಹೌದೋ ಅಲ್ಲವೋ. ಇನ್ನೊಂದು, ನಿಮ್ಮ ಜನಾಂಗ ಯಾವುದು. ಮೆಕ್ಸಿಕೊ ಮೂಲದ ಒಬ್ಬಾತ ಮೊದಲನೆಯದಕ್ಕೆ ಹೌದು ಎಂದು, ಎರಡನೆಯದಕ್ಕೆ ಬಿಳಿಯ ಎಂದು ಗುರುತು ಹಾಕಿದರೆ ಪಟ್ಟಿಯಲ್ಲಿ ಎರಡು ಕಡೆ ಕಾಣಿಸಿಕೊಳ್ಳುತ್ತಾನೆ. ‘ಯಾವುದೇ ಜನಾಂಗದ ಹಿಸ್ಪ್ಯಾನಿಕರು’ ಎಂಬ ಸಾಲನ್ನು ಬೆರಳಲ್ಲಿ ಮುಚ್ಚಿ ಉಳಿದದ್ದನ್ನು ಕೂಡಿಸಿ ನೋಡಿ. ದಶಮಾಂಶದ ಚೂರುಪಾರು ಬಿಟ್ಟರೆ ನೂರಕ್ಕೇ ನಿಲ್ಲುತ್ತದೆ.

ಜನಾಂಗದ ಖಾನೆಗಳು ಐದು: ಬಿಳಿಯ, ಕರಿಯ ಅಥವಾ ಆಫ್ರಿಕನ್ ಅಮೆರಿಕನ್, ಅಮೆರಿಕದ ಮೂಲನಿವಾಸಿ ಇಂಡಿಯನ್, ಏಷ್ಯನ್, ಹವಾಯಿ ಮತ್ತು ಪೆಸಿಫಿಕ್ ದ್ವೀಪದವರು. ಈ ಐದನ್ನು ನಿಗದಿ ಮಾಡಿದ್ದು 1997ರ ಒಂದು ಸರ್ಕಾರಿ ನಿಯಮ. ಗಣತಿಯವರು ‘ಬೇರೆ ಯಾವುದೋ’ ಅನ್ನುವ ಆರನೆಯದನ್ನೂ ಇಟ್ಟುಕೊಂಡಿದ್ದಾರೆ. ಇದರಲ್ಲಿ ರಕ್ತಪರೀಕ್ಷೆ, ಮೈಬಣ್ಣ ಏನೂ ಇಲ್ಲ. ಮನೆಯವರು ತಮ್ಮನ್ನು ಏನೆಂದು ಬರೆದುಕೊಂಡರೋ ಅದೇ. 2024ರ ಮಾರ್ಚ್‌ನಲ್ಲಿ ಈ ನಿಯಮವನ್ನೂ ಬದಲಿಸಿದರು. ಎರಡು ಪ್ರಶ್ನೆ ಸೇರಿ ಒಂದಾಗಬೇಕು, ಮಧ್ಯಪ್ರಾಚ್ಯ ಮತ್ತು ಉತ್ತರ ಆಫ್ರಿಕದವರಿಗೆ ಪ್ರತ್ಯೇಕ ಖಾನೆ ಬರಬೇಕು ಎಂದು ಅದರಲ್ಲಿದೆ. ಅಲ್ಲಿಯವರೆಗೆ ಲೆಬನಾನಿನವರು, ಈಜಿಪ್ಟಿನವರು, ಇರಾನಿನವರು ಎಲ್ಲ ಲೆಕ್ಕದಲ್ಲಿ ಬಿಳಿಯರು.

ನಮ್ಮವರನ್ನು ಆ ದೇಶ ಎಣಿಸಿದ ಕಥೆಯಂತೂ ಇನ್ನೂ ಸೊಗಸಾಗಿದೆ. 1920, 1930, 1940ರ ಮೂರು ಗಣತಿಗಳಲ್ಲಿ ಅಮೆರಿಕದಲ್ಲಿ ‘ಹಿಂದೂ’ ಅನ್ನುವುದೊಂದು ಜನಾಂಗ! ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ದುಡಿಯುತ್ತಿದ್ದ ಪಂಜಾಬಿಗಳಲ್ಲಿ ಹೆಚ್ಚಿನವರು ಸಿಖ್ಖರು, ಜೊತೆಗೆ ಮುಸ್ಲಿಮರು. ಗಣತಿಯ ಪುಸ್ತಕದಲ್ಲಿ ಅವರೆಲ್ಲರೂ ಹಿಂದೂ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬ ಸಿಖ್ಖರು, ತಾನು ಆರ್ಯ ಮೂಲದವನು, ಆದ್ದರಿಂದ ಬಿಳಿಯ, ಆದ್ದರಿಂದ ಪೌರತ್ವಕ್ಕೆ ಅರ್ಹ ಎಂದು ಅಲ್ಲಿನ ಸುಪ್ರೀಂ ಕೋರ್ಟಿನವರೆಗೂ ಹೋಗಿ ಸೋತರು. ಸಾಮಾನ್ಯ ಜನ ಯಾರನ್ನು ಬಿಳಿಯ ಅನ್ನುತ್ತಾರೋ ಅವನೇ ಬಿಳಿಯ, ಶಾಸ್ತ್ರದ ಪುಸ್ತಕ ಏನಾದರೂ ಹೇಳಲಿ ಎಂಬುದು ತೀರ್ಪಿನ ತಾತ್ಪರ್ಯ. ತಮಾಷೆ ನೋಡಿ, 1970ರ ಗಣತಿಯಲ್ಲಿ ಅದೇ ದೇಶ ಭಾರತೀಯರನ್ನು ಬಿಳಿಯರ ಲೆಕ್ಕಕ್ಕೆ ಸೇರಿಸಿತು. ಹತ್ತು ವರ್ಷ ಕಳೆದು 1980ರಲ್ಲಿ ‘ಏಷ್ಯನ್ ಇಂಡಿಯನ್’ ಎಂಬ ಚೌಕ ಬಂತು. ಲುಧಿಯಾನದ ಕಡೆಯಿಂದ ಹೋದ ಒಬ್ಬನೇ ರೈತ, ಒಂದೇ ಆಯುಷ್ಯದಲ್ಲಿ, ಊರು ಬಿಡದೆ ಹಿಂದೂ ಜನಾಂಗದವನೂ ಬಿಳಿಯನೂ ಏಷ್ಯನ್ನನೂ ಆಗಿರಬಹುದು.

ಇನ್ನು ನಿಮ್ಮ ಮಗಳ ಸೊನ್ನೆ. ಇದಕ್ಕೆ ಎರಡು ಕಾರಣ ಸಾಧ್ಯ. ನೀವು ನೋಡಿದ ಪಟ್ಟಿ ಯಾವುದು ಅನ್ನುವುದರ ಮೇಲೆ ಹೋಗುತ್ತದೆ.

ಹತ್ತು ವರ್ಷಕ್ಕೊಮ್ಮೆಯ ಗಣತಿಯದಾದರೆ ಸಂಗತಿ ಹೀಗೆ. ಸಣ್ಣ ಊರಿನಲ್ಲಿ ಒಬ್ಬಳೇ ಭಾರತೀಯ ಹೆಣ್ಣುಮಗಳಿದ್ದರೆ, ಅವಳ ವಯಸ್ಸು, ಮನೆ, ಕುಟುಂಬ ಎಲ್ಲವನ್ನೂ ಪಟ್ಟಿಗೆ ಪಟ್ಟಿ ಜೋಡಿಸಿ ಯಾರಾದರೂ ಪತ್ತೆ ಮಾಡಬಹುದು. ಗಣತಿಯ ಉತ್ತರ ಗುಟ್ಟಾಗಿರಬೇಕು ಎಂಬುದು ಅಲ್ಲಿನ ಕಾನೂನು. ಅದಕ್ಕಾಗಿ 2020ರಲ್ಲಿ ಅವರು ಅಂಕಿಗಳಿಗೆ ಬೇಕೆಂದೇ ಸ್ವಲ್ಪ ಕಲಬೆರಕೆ ಮಾಡಿದರು. ಲೆಕ್ಕಾಚಾರದ ಒಂದು ಸೂತ್ರದ ಪ್ರಕಾರ ಕೆಲವು ಕಡೆ ಒಂದೆರಡು ಕೂಡಿಸಿ, ಕೆಲವು ಕಡೆ ಒಂದೆರಡು ಕಳೆದರು. ಇಡೀ ರಾಜ್ಯದ ಒಟ್ಟು ಜನಸಂಖ್ಯೆಯನ್ನು ಮಾತ್ರ ಹಾಗೇ ಬಿಟ್ಟರು; ಊರಿನ ಒಟ್ಟು ಕೂಡ ಒಂದಿಷ್ಟು ಅತ್ತಿತ್ತ ಆಗಿರುತ್ತದೆ. ಓಹಿಯೋ ಮಟ್ಟದಲ್ಲಿ ಇದರಿಂದ ಏನೂ ಆಗುವುದಿಲ್ಲ. ಮೂರೋ ನಾಲ್ಕೋ ಏಷ್ಯನ್ನರಿರುವ ಊರಿನಲ್ಲಿ ಮಾತ್ರ ಪಟ್ಟಿ ಸೊನ್ನೆ ತೋರಿಸಬಹುದು, ಏಳನ್ನೂ ತೋರಿಸಬಹುದು.

ಅಥವಾ ನೀವು ನೋಡಿದ್ದು ಅಲ್ಲಿ ವರ್ಷವಿಡೀ ನಡೆಯುವ ಸಮುದಾಯ ಸಮೀಕ್ಷೆಯ ಅಂಕಿ ಇರಬಹುದು. ಅದು ಮನೆಮನೆ ಗಣತಿಯಲ್ಲ. ಇಡೀ ದೇಶದಲ್ಲಿ ವರ್ಷಕ್ಕೆ ಸುಮಾರು 35 ಲಕ್ಷ ವಿಳಾಸಗಳನ್ನು ಆರಿಸಿ ಕೇಳುತ್ತಾರೆ. 65 ಸಾವಿರಕ್ಕಿಂತ ಕಡಿಮೆ ಜನರಿರುವ ಊರುಗಳಿಗೆ ಐದು ವರ್ಷದ ಉತ್ತರಗಳನ್ನು ಒಟ್ಟುಗೂಡಿಸಿ ಅಂದಾಜು ಕೊಡುತ್ತಾರೆ. ಮಗಳ ಮನೆ ಆ ಆಯ್ಕೆಯಲ್ಲಿ ಬರದಿದ್ದರೆ ಸೊನ್ನೆಯೇ ಗತಿ. ಆ ಅಂಕಿಗಳ ಪಕ್ಕದಲ್ಲಿ ಅಧಿಕ-ಕಳೆ ಗುರುತು ಹಾಕಿ ಇನ್ನೊಂದು ಸಂಖ್ಯೆ ಇರುತ್ತದೆ, ಅಂದಾಜು ಎಷ್ಟು ತಪ್ಪಿರಬಹುದು ಎಂಬುದು. ಸಣ್ಣ ಊರುಗಳಲ್ಲಿ ಎಷ್ಟೋ ಸಲ ಅದು ಮೂಲ ಅಂಕಿಗಿಂತಲೇ ದೊಡ್ಡದು. ನೆಟ್‌ನಲ್ಲಿ ಪಟ್ಟಿ ನಕಲು ಮಾಡುವವರು ಮೊದಲು ಕಿತ್ತು ಬಿಸಾಡುವುದೂ ಅದನ್ನೇ.

ಊರಿನಲ್ಲಿ ಜೈಲೋ ಕಾಲೇಜೋ ಇದೆಯೇ ಎಂದೂ ಮಗಳನ್ನು ಕೇಳಿ. ಕೈದಿಗಳನ್ನು ಅವರ ಸ್ವಂತ ಊರಿನಲ್ಲಿ ಎಣಿಸುವುದಿಲ್ಲ, ಜೈಲು ಇರುವಲ್ಲೇ ಎಣಿಸುತ್ತಾರೆ. ಹಳ್ಳಿಯಂಥ ಊರಿನಲ್ಲಿ ಕರಿಯರ ಪ್ರಮಾಣ ಇದ್ದಕ್ಕಿದ್ದಂತೆ ಎದ್ದು ಕಂಡರೆ ನಾನು ಮೊದಲು ಹುಡುಕುವುದು ಆ ಗೋಡೆಯನ್ನು.

ಮೊಮ್ಮಕ್ಕಳಿದ್ದರೆ ಅವರಿಗೆ ಬಿಳಿಯ, ಏಷ್ಯನ್ ಎರಡೂ ಗುರುತು ಹಾಕಬಹುದು. 2000ದಿಂದ ಹೀಗೆ ಒಂದಕ್ಕಿಂತ ಹೆಚ್ಚು ಹಾಕಲು ಅವಕಾಶವಿದೆ. ಆದರೆ ಆಗ ಮಗು ಪಟ್ಟಿಯ ಏಷ್ಯನ್ ಸಾಲಿಗೂ ಬರುವುದಿಲ್ಲ, ಬಿಳಿಯ ಸಾಲಿಗೂ ಬರುವುದಿಲ್ಲ. ‘ಎರಡು ಅಥವಾ ಹೆಚ್ಚು ಜನಾಂಗ’ ಎಂಬ ಸಾಲಿಗೆ ಹೋಗುತ್ತದೆ. ಈ ಸಾಲು ಇಡೀ ಅಮೆರಿಕದಲ್ಲಿ 2010ರಲ್ಲಿ 90 ಲಕ್ಷ ಇದ್ದದ್ದು 2020ರಲ್ಲಿ 3.38 ಕೋಟಿ ಆಯಿತು. ಹತ್ತು ವರ್ಷದಲ್ಲಿ ಅಷ್ಟು ಅಂತರ್ಜನಾಂಗೀಯ ಮದುವೆಗಳು ನಡೆದವೇ? ಇಲ್ಲ. 2020ರಲ್ಲಿ ಬಿಳಿಯ, ಕರಿಯ ಚೌಕಗಳ ಕೆಳಗೆ ‘ನಿಮ್ಮ ಮೂಲ ಬರೆಯಿರಿ’ ಎಂದು ಖಾಲಿ ಜಾಗ ಕೊಟ್ಟರು. ಜನ ಬರೆದದ್ದನ್ನು ಹಿಂದಿಗಿಂತ ವಿವರವಾಗಿ ಬಿಡಿಸಿ ಖಾನೆಗಳಿಗೆ ಹಂಚಿದರು. ಹೆಚ್ಚಳದ ದೊಡ್ಡ ಪಾಲು ಅಲ್ಲಿಂದ ಬಂತು. ಪತ್ರಿಕೆಗಳು ಮಾತ್ರ ಬಿಳಿಯರು ಕರಗಿಹೋದರು ಎಂದು ದಪ್ಪ ಅಕ್ಷರದಲ್ಲಿ ಬರೆದವು.

ಮಗಳು ಕನ್ನಡದವಳು ಎಂಬುದು ಜನಾಂಗದ ಪ್ರಶ್ನೆಯಲ್ಲಿ ಎಲ್ಲೂ ಬರುವುದಿಲ್ಲ. ಆ ಸಮುದಾಯ ಸಮೀಕ್ಷೆಯಲ್ಲಿ ಮನೆಯಲ್ಲಿ ಆಡುವ ಭಾಷೆ ಕೇಳುತ್ತಾರೆ. ಅಲ್ಲಿ ತಮಿಳಿಗೆ ಒಂದು ಸಾಲಿದೆ, ತೆಲುಗಿಗೆ ಒಂದು ಸಾಲಿದೆ. ನಮ್ಮದು ‘ಮಲಯಾಳಂ, ಕನ್ನಡ ಅಥವಾ ಇತರ ದ್ರಾವಿಡ ಭಾಷೆ’ ಎಂಬ ಒಂದೇ ಡಬ್ಬಿಯಲ್ಲಿ. ಧರ್ಮವನ್ನಂತೂ ಕೇಳುವುದೇ ಇಲ್ಲ. ಧರ್ಮ ಹೇಳಲೇಬೇಕೆಂದು ಗಣತಿಯಲ್ಲಿ ಯಾರನ್ನೂ ಬಲವಂತ ಮಾಡುವಂತಿಲ್ಲ ಎಂದು 1976ರಲ್ಲೇ ಕಾನೂನು ಮಾಡಿಕೊಂಡಿದ್ದಾರೆ.

ಇಲ್ಲಿ ನಮ್ಮ ದಾರಿ ಬೇರೆಯಾಗುತ್ತದೆ. ಅವರು ಜನಾಂಗ ಕೇಳಿ ಧರ್ಮ ಬಿಟ್ಟರು, ನಾವು ಧರ್ಮ ಕೇಳಿ ಜನಾಂಗ ಬಿಟ್ಟೆವು. ಬ್ರಿಟಿಷರ ಕಾಲದಲ್ಲಿ ಇಲ್ಲೂ ಅದರ ಹುಚ್ಚಿತ್ತು. 1901ರ ಗಣತಿಯ ಮುಖ್ಯಸ್ಥರಾಗಿದ್ದ ರಿಸ್ಲಿ ಸಾಹೇಬರು ಮೂಗಿನ ಅಗಲ-ಉದ್ದದ ಅನುಪಾತದಿಂದ ಜಾತಿಗಳ ಮೂಲ ತಿಳಿಯುತ್ತದೆಂದು ನಂಬಿದ್ದವರು. ಎಲ್ಲ ಜಾತಿಗಳ ಎಣಿಕೆ ಕೊನೆಯದಾಗಿ ಪೂರ್ತಿ ಪ್ರಕಟವಾದದ್ದು 1931ರಲ್ಲಿ. ಸ್ವತಂತ್ರ ಭಾರತದ ಮೊದಲ ಗಣತಿ 1951ರದು. ಅದರಿಂದ ಮುಂದೆ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಬಿಟ್ಟು ಉಳಿದ ಜಾತಿಗಳ ಎಣಿಕೆ ನಿಂತಿತು. ಗೋವಾದ ಪಾಡು ಬೇರೆ. 1960ರ ಕೊನೆಯಲ್ಲಿ ಇಲ್ಲಿ ಗಣತಿ ಮಾಡಿದ್ದು ಪೋರ್ಚುಗೀಸರು. ಗೋವಾದ ಜನ ಆಗ ಆರು ಲಕ್ಷವೂ ಇರಲಿಲ್ಲ. 1971ಕ್ಕೆ ಸುಮಾರು 7.95 ಲಕ್ಷ, 1981ಕ್ಕೆ ಹತ್ತು ಲಕ್ಷ ದಾಟಿತು, 2011ಕ್ಕೆ 14,58,545. ಬಂದರು, ಅದಿರು, ಕಟ್ಟಡ, ಗೊಬ್ಬರ ಕಾರ್ಖಾನೆ, ಆಮೇಲೆ ಪ್ರವಾಸ: ಇವಕ್ಕೆಲ್ಲ ಕೈ ಬೇಕಿತ್ತು. ವಿಜಯಪುರ, ಬಾಗಲಕೋಟೆ, ಗದಗ, ಹಾವೇರಿ, ಬೆಳಗಾವಿ ಕಡೆಯ ಕೈಗಳು ಹುಬ್ಬಳ್ಳಿ, ಲೋಂಡಾ, ಕ್ಯಾಸಲ್ ರಾಕ್ ಮೇಲೆ ಘಟ್ಟ ಇಳಿದು ರೈಲಿನ ಕೊನೆಯ ನಿಲ್ದಾಣದಲ್ಲಿ ಇಳಿದವು. ಆ ಕೊನೆಯ ನಿಲ್ದಾಣವೇ ನಿಮ್ಮ ವಾಸ್ಕೋ. ಇವತ್ತಿಗೂ ಅದು ಹುಬ್ಬಳ್ಳಿ ರೈಲ್ವೆ ವಿಭಾಗಕ್ಕೇ ಸೇರಿದ್ದು, ನಿಮ್ಮ ಯಜಮಾನರಿಗೆ ಹೇಳಬೇಕಿಲ್ಲ.

ಈಗ ‘ಅರ್ಧ ವಾಸ್ಕೋ’ ಮಾತು. ಇದನ್ನು ಕೂತಲ್ಲೇ ಪರೀಕ್ಷೆ ಮಾಡಬಹುದು. 2011ರಲ್ಲಿ ಇಡೀ ಗೋವಾದಲ್ಲಿ ಮಾತೃಭಾಷೆ ಕನ್ನಡ ಎಂದವರು ಶೇ. 4.65, ಅಂದರೆ ಸುಮಾರು 68 ಸಾವಿರ. ವಾಸ್ಕೋ ಸೇರಿರುವ ಮುರ್ಗಾಂವ ತಾಲ್ಲೂಕಿನ ಜನಸಂಖ್ಯೆ ಆಗ 1,54,561. ಮಡಗಾಂವ್, ಪಣಜಿ, ಮಾಪುಸಾ, ಫೋಂಡಾ, ಡಿಚೋಲಿಯಲ್ಲಿ ಒಬ್ಬ ಕನ್ನಡಿಗನೂ ಇಲ್ಲದಂತೆ ಎಲ್ಲರನ್ನೂ ಲಾರಿಯಲ್ಲಿ ತುಂಬಿ ತಂದು ನಿಮ್ಮ ತಾಲ್ಲೂಕಿನಲ್ಲಿ ಇಳಿಸಿದರೂ ಅರ್ಧ ಆಗುವುದಿಲ್ಲ. ಪಾಲಿಕೆಯ ಗಡಿಯೊಳಗಿನ ಊರನ್ನಷ್ಟೇ ಹಿಡಿದರೆ 94,393 ಜನ. ಅದರ ಅರ್ಧ ಆಗಬೇಕಾದರೂ ಗೋವಾದ ಕನ್ನಡಿಗರಲ್ಲಿ ಹತ್ತರಲ್ಲಿ ಏಳು ಜನ ಇಲ್ಲೇ ಇರಬೇಕು. ಹಾಗಿಲ್ಲ ಎಂದು ಮಡಗಾಂವದ ಸಂತೆಗೋ ಪಣಜಿಯ ಬಸ್ ನಿಲ್ದಾಣಕ್ಕೋ ಒಂದು ಸಲ ಹೋಗಿಬಂದವರಿಗೆ ಗೊತ್ತು.

ಅಂದಮೇಲೆ ನೆರೆಯವರ ಮಾತು ಸುಳ್ಳು ಎಂದು ಇಲ್ಲಿಗೇ ಕೈತೊಳೆದುಕೊಳ್ಳಬಹುದಿತ್ತು. ಅವರ ಕಣ್ಣು ಪೂರ್ತಿ ತಪ್ಪಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಅವರು ನೋಡುತ್ತಿರುವುದು ‘ಘಟ್ಟದ ಮೇಲಿನಿಂದ ಬಂದವರು’ ಎಂಬ ಗುಂಪನ್ನು; ಗಣತಿ ಕೊಡುತ್ತಿರುವುದು ‘ಮಾತೃಭಾಷೆ ಕನ್ನಡ’ ಎಂಬ ಸಾಲನ್ನು. ಎರಡಕ್ಕೂ ನಡುವೆ ಎಷ್ಟು ಅಂತರ ಎಂದು ನೋಡಲು ಬೈನಾ ಕಡೆಯ ಅಥವಾ ಝುವಾರಿನಗರದ ಒಂದು ಓಣಿಯನ್ನು ಕಣ್ಣಮುಂದೆ ತಂದುಕೊಳ್ಳಿ. ನೀವೇ ಓಡಾಡಿರುವ ಓಣಿ.

ಮೊದಲ ಮನೆ ಗದಗದ ಲಿಂಗಾಯತರದು. ಕನ್ನಡ ಎಂದರು, ಕನ್ನಡ ಸಾಲಿಗೆ ಹೋದರು. ತಕರಾರಿಲ್ಲ.

ಪಕ್ಕದ್ದು ವಿಜಯಪುರದ ತಾಂಡಾದಿಂದ ಬಂದ ಲಂಬಾಣಿ ಕುಟುಂಬ. ಕಟ್ಟಡದ ಕೆಲಸ. ಮನೆಯೊಳಗೆ ಲಂಬಾಣಿ ಮಾತು, ಓಣಿಯಲ್ಲಿ ಕನ್ನಡ, ಮೇಸ್ತ್ರಿ ಜೊತೆ ಹಿಂದಿ, ಅಂಗಡಿಯಲ್ಲಿ ಕೊಂಕಣಿ. ಗಣತಿದಾರ್ತಿ ‘ಮಾತೃಭಾಷೆ ಯಾವುದು’ ಎಂದರೆ ಆ ಮನುಷ್ಯ ನಕ್ಕು ‘ಎಲ್ಲಾ ಬರ್ತಾವ್ರೀ ಬಾಯಾರ’ ಅನ್ನುತ್ತಾನೆ. ಆಕೆ ನಿಯಮದ ಪ್ರಕಾರ ಇನ್ನೊಮ್ಮೆ ಕೇಳಬೇಕು: ಸಣ್ಣವನಿದ್ದಾಗ ತಾಯಿ ನಿನ್ನ ಜೊತೆ ಯಾವ ಮಾತು ಆಡುತ್ತಿದ್ದಳು? ಲಂಬಾಣಿ. ಸರಿ, ಬರೆದುಕೊಂಡಳು. ಈಗ ಈ ಕುಟುಂಬ ಗೋವಾದ ಭಾಷಾಪಟ್ಟಿಯಲ್ಲಿ ಯಾವ ಸಾಲಿಗೆ ಹೋಗುತ್ತದೆ ಹೇಳಿ ನೋಡೋಣ. ಹಿಂದಿ! ನಮ್ಮ ಗಣತಿಯಲ್ಲಿ ಲಂಬಾಣಿ, ಬಂಜಾರಿ, ಭೋಜಪುರಿ, ರಾಜಸ್ಥಾನಿ ಎಲ್ಲವನ್ನೂ ಹಿಂದಿಯ ಕೆಳಗೆ ಗುಂಪು ಮಾಡುತ್ತಾರೆ. 2011ರಲ್ಲಿ ದೇಶದಲ್ಲಿ ಲಂಬಾಣಿ ಎಂದು ಬರೆಸಿದವರು 32 ಲಕ್ಷಕ್ಕೂ ಹೆಚ್ಚು; ಅಷ್ಟೂ ಜನ ಹಿಂದಿಯ ಲೆಕ್ಕದಲ್ಲಿದ್ದಾರೆ. ವಿಜಯಪುರದವನು ಗೋವಾದಲ್ಲಿ ಹಿಂದಿಯವನಾಗುವುದು ಹೀಗೆ.

ಮೂರನೆಯ ಮನೆ ಹುಬ್ಬಳ್ಳಿಯ ಮುಸ್ಲಿಮರದು, ಹಣ್ಣಿನ ಗಾಡಿ. ನಿಮ್ಮ ಜೊತೆ ಅಪ್ಪಟ ಧಾರವಾಡ ಕನ್ನಡ ಮಾತಾಡುತ್ತಾರೆ, ಮನೆಯೊಳಗೆ ಉರ್ದು. ಹೋಗುವುದು ಉರ್ದು ಸಾಲಿಗೆ. ಗೋವಾದಲ್ಲಿ ಆ ಸಾಲು ಶೇ. 2.83.

ನಾಲ್ಕನೆಯದು ಯಲ್ಲಾಪುರ ಕಡೆಯ ಸಿದ್ದಿ ಕುಟುಂಬ. ಇವರ ಪೂರ್ವಿಕರು ಆಫ್ರಿಕದಿಂದ ಬಂದವರು, ಬಹಳಷ್ಟು ಜನ ಪೋರ್ಚುಗೀಸರ ಗುಲಾಮರಾಗಿ ಗೋವಾಕ್ಕೇ ಬಂದು, ಅಲ್ಲಿಂದ ತಪ್ಪಿಸಿಕೊಂಡು ಉತ್ತರ ಕನ್ನಡದ ಕಾಡು ಸೇರಿದವರು. ಮನೆಮಾತು ಕೊಂಕಣಿ. ಹಾಗಾಗಿ ಗೋವಾದ ಪಟ್ಟಿಯಲ್ಲಿ ಶೇ. 66.11ರ ಕೊಂಕಣಿ ಸಾಲಿನಲ್ಲಿ ಕರಗಿಹೋಗುತ್ತಾರೆ. ಧರ್ಮದ ಸಾಲು ಹಿಂದೂ, ಮುಸ್ಲಿಂ, ಕ್ರೈಸ್ತ ಮೂರರಲ್ಲಿ ಯಾವುದೂ ಆಗಬಹುದು. ಸಿದ್ದಿಗಳಲ್ಲಿ ಮೂರೂ ಧರ್ಮದವರಿದ್ದಾರೆ. ನಿಮ್ಮ ಮಗಳ ಊರಿಗೆ ಹೋದರೆ ಇದೇ ಕುಟುಂಬ ಆಫ್ರಿಕನ್ ಮೂಲದವರು ಎಂದು ಕರಿಯರ ಚೌಕಕ್ಕೆ ಗುರುತು ಹಾಕಬಹುದು, ಭಾರತದಿಂದ ಬಂದವರು ಎಂದು ಏಷ್ಯನ್ ಚೌಕಕ್ಕೂ ಹಾಕಬಹುದು, ಎರಡಕ್ಕೂ ಹಾಕಿದರೂ ಯಾರೂ ಬೇಡ ಅನ್ನುವುದಿಲ್ಲ. ಇಲ್ಲಿ ಮಾತ್ರ ಆ ಮೂಲ ಕಾಣುವ ಖಾನೆಯೇ ಗೋವಾದ ಭಾಷಾಪಟ್ಟಿಯಲ್ಲಿಲ್ಲ.

ಐದನೆಯ ಮನೆಯ ಸೊಸೆ ಕಾರವಾರದವಳು, ಕೊಂಕಣಿಯವಳೇ, ಕಾಣಕೋಣದ ಹುಡುಗನನ್ನು ಮದುವೆಯಾಗಿ ಬಂದವಳು. ಭಾಷೆಯ ಪಟ್ಟಿಯಲ್ಲಿ ಇವಳು ಅಪ್ಪಟ ಗೋವಾದವಳಂತೆ ಕಾಣುತ್ತಾಳೆ. ವಲಸೆಯ ಪಟ್ಟಿಯಲ್ಲಿ ‘ಕರ್ನಾಟಕದಲ್ಲಿ ಹುಟ್ಟಿದವರು’ ಎಂಬ ಸಾಲಿನಲ್ಲಿ ಎದ್ದು ಕಾಣುತ್ತಾಳೆ. ‘ಕರ್ನಾಟಕದಿಂದ ಇಷ್ಟು ಜನ ಗೋವಾಕ್ಕೆ ನುಗ್ಗಿದ್ದಾರೆ’ ಎಂದು ಭಾಷಣ ಮಾಡುವವರು ತೋರಿಸುವ ಅಂಕಿಯಲ್ಲಿ ಇಂಥ ಸೊಸೆಯಂದಿರೂ ಇದ್ದಾರೆ. ಮದುವೆಯೂ ಗಣತಿಯ ಲೆಕ್ಕದಲ್ಲಿ ವಲಸೆಯೇ. ಇನ್ನು ಮೊದಲ ಮನೆಯ ಲಿಂಗಾಯತರ ಮಗ ವಾಸ್ಕೋದಲ್ಲೇ ಹುಟ್ಟಿದವನು. ಅವನು ಆ ಸಾಲಿಗೆ ಬರುವುದೇ ಇಲ್ಲ. ಮಾತೃಭಾಷೆ ಕನ್ನಡ, ಹುಟ್ಟಿದ್ದು ಗೋವಾ.

ಹಾಗಾಗಿ ‘ಕನ್ನಡಿಗರು ಎಷ್ಟು’ ಎಂಬುದಕ್ಕೆ ಒಂದೇ ಅಂಕಿ ಕೊಡುವವರ ಮೇಲೆ ನನಗೆ ಗುಮಾನಿ. ಭಾಷೆಯ ಸಾಲು ಕಡಿಮೆ ತೋರಿಸುತ್ತದೆ, ಹುಟ್ಟಿದ ಊರಿನ ಸಾಲು ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ತೋರಿಸುತ್ತದೆ. ಮುಂಬಯಿಯಲ್ಲೂ ಇದೇ ಪೀಕಲಾಟ. ಅಲ್ಲಿನ ಕನ್ನಡ ಸಂಘಗಳನ್ನು ಕಟ್ಟಿ ಬೆಳೆಸಿದವರಲ್ಲಿ ಎಷ್ಟೋ ಜನ ಮನೆಯಲ್ಲಿ ತುಳು ಮಾತಾಡುವವರು. ಗಣತಿಯಲ್ಲಿ ಅವರು ತುಳು, ಕಾರ್ಯಕ್ರಮದ ವೇದಿಕೆಯಲ್ಲಿ ಕನ್ನಡಿಗರು. ಎರಡೂ ನಿಜವೇ.

ಎಲ್ಲಕ್ಕಿಂತ ದೊಡ್ಡ ಉದಾಹರಣೆ ಗೋವಾದ್ದೇ ಇದೆ, ಮತ್ತದು ಹೊರಗಿನಿಂದ ಬಂದವರದ್ದಲ್ಲ, ಇಲ್ಲಿನ ಅತ್ಯಂತ ಹಳೆಯ ಜನರದ್ದು. 2001ರ ಗಣತಿಯ ಪ್ರಕಾರ ಇಡೀ ಗೋವಾದಲ್ಲಿ ಪರಿಶಿಷ್ಟ ಪಂಗಡದವರು 566 ಜನ. ಹೌದು, ಐನೂರ ಅರವತ್ತಾರು. 2011ರಲ್ಲಿ 1,49,275. ಶೇ. 0.04 ಇದ್ದದ್ದು ಶೇ. 10.23 ಆಯಿತು. ಯಾರೂ ವಲಸೆ ಬಂದಿರಲಿಲ್ಲ. ಗೌಡಾ, ಕುಣಬಿ, ವೇಳಿಪ ಸಮುದಾಯಗಳನ್ನು 2003ರ ಜನವರಿಯಲ್ಲಿ ಗೋವಾದ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಿದರು, ಅಷ್ಟೇ. ಅದಕ್ಕೆ ಮೊದಲು ಪಟ್ಟಿಯಲ್ಲಿದ್ದದ್ದು ಧೋಡಿಯಾ, ದುಬ್ಲಾ, ವಾರ್ಲಿಯಂಥ ಹೆಸರುಗಳು. ಗೋವಾ, ದಮನ್, ದೀವ್ ಒಂದೇ ಆಡಳಿತದಲ್ಲಿದ್ದ ಕಾಲದ ಪಟ್ಟಿ ಅದು. ಗೋವಾದ ಗದ್ದೆ ಉತ್ತವರು, ಕಾಡು ಕಡಿದು ಊರು ಮಾಡಿದವರು ಎಂದು ಎಲ್ಲರೂ ಒಪ್ಪುವ ಜನ, ಸರ್ಕಾರದ ಕಣ್ಣಿಗೆ ನಲವತ್ತು ವರ್ಷ ಬುಡಕಟ್ಟಿನವರಾಗಿರಲೇ ಇಲ್ಲ. ಧನಗರ ಗೌಳಿಗಳು ಇನ್ನೂ ಆ ಪಟ್ಟಿಯ ಬಾಗಿಲಲ್ಲೇ ಕಾಯುತ್ತಿದ್ದಾರೆ. ಅಮೆರಿಕದವರು ಪಂಜಾಬಿ ರೈತನಿಗೆ ಮಾಡಿದ್ದಕ್ಕೂ ಇದಕ್ಕೂ ನನಗೇನೂ ವ್ಯತ್ಯಾಸ ಕಾಣುವುದಿಲ್ಲ. ಎರಡೂ ಕಡೆ ಬದಲಾದದ್ದು ಫಾರಂ.

ಓಣಿಯ ಲಂಬಾಣಿ ಮನೆಗೆ ಇದೇ ಮಾತು ತಿರುಗುಮುರುಗಾಗಿ ಅನ್ವಯಿಸುತ್ತದೆ. ಕರ್ನಾಟಕದಲ್ಲಿ ಲಂಬಾಣಿ, ಭೋವಿ ಪರಿಶಿಷ್ಟ ಜಾತಿ. ಗೋವಾದ ಪಟ್ಟಿಯಲ್ಲಿ ಆ ಹೆಸರುಗಳಿಲ್ಲ. ಇಲ್ಲಿರುವುದು ಮಹಾರ್, ಚಾಂಭಾರ್, ಮಾಂಗ್ ಮೊದಲಾದ ಕೆಲವೇ ಜಾತಿಗಳು. ಈ ಪಟ್ಟಿಗಳು ರಾಜ್ಯವಾರು. ಘಟ್ಟ ಇಳಿದ ಕೂಡಲೇ ಗಣತಿಯಲ್ಲಿ ಆ ಮನೆ ಪರಿಶಿಷ್ಟವಲ್ಲ. ಗೋವಾದಲ್ಲಿ ಪರಿಶಿಷ್ಟ ಜಾತಿ ಶೇ. 1.74 ಮಾತ್ರ ಎಂಬ ಅಂಕಿಯ ಹಿಂದೆ ಇದೂ ಒಂದು ಕಾರಣ. ಸವಲತ್ತಿನ ವಿಚಾರದಲ್ಲೂ ಹಾಗೇ: ಒಂದು ರಾಜ್ಯದ ಪರಿಶಿಷ್ಟ ಜಾತಿಯವರು ಇನ್ನೊಂದು ರಾಜ್ಯಕ್ಕೆ ಹೋದಾಗ ಅಲ್ಲಿನ ರಾಜ್ಯ ಸರ್ಕಾರದ ಕೆಲಸದಲ್ಲಿ ಮೀಸಲಾತಿ ಕೇಳುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2018ರಲ್ಲಿ ಹೇಳಿದೆ. ಬೈನಾದಲ್ಲೇ ಹುಟ್ಟಿ, ಕೊಂಕಣಿ ಶಾಲೆಯಲ್ಲಿ ಓದಿ, ತಾಂಡಾವನ್ನು ಜಾತ್ರೆಗಷ್ಟೇ ನೋಡಿದ ಹುಡುಗ ಜಾತಿ ಪ್ರಮಾಣಪತ್ರದ ವಿಚಾರ ಬಂದಾಗ ಎರಡು ರಾಜ್ಯಗಳ ನಡುವೆ ಅಲೆಯುವುದು ಇದರಿಂದಲೇ. ಓಹಿಯೋದ ಪಟ್ಟಿ ತಪ್ಪಿದರೆ ಮಗಳಿಗೆ ನಷ್ಟವೇನಿಲ್ಲ. ಈ ಹುಡುಗನಿಗೆ ಖಾನೆ ಅಂದರೆ ಸೀಟು, ಫೀಸು, ನೌಕರಿ.

ವಾಸ್ಕೋಗೆ ಪಟ್ಟಿ ಇಲ್ಲ ಎಂದಿರಲ್ಲ, ಇದೆ. ಒಂದೇ ಕಾಗದದಲ್ಲಿ ಇಲ್ಲ ಅಷ್ಟೇ. ಗಣತಿ ಇಲಾಖೆಯ ವೆಬ್‌ಸೈಟ್‌ನಲ್ಲಿ 2011ರ ಕೋಷ್ಟಕಗಳು ಪುಕ್ಕಟೆ ಸಿಗುತ್ತವೆ. ಧರ್ಮಕ್ಕೆ ಸಿ-1, ಅದು ಪಟ್ಟಣದ ಮಟ್ಟಕ್ಕೂ ಇದೆ. ಮಾತೃಭಾಷೆಗೆ ಸಿ-16, ಅದು ತಾಲ್ಲೂಕಿನ ಮಟ್ಟಕ್ಕೂ ಇದೆ. ದಕ್ಷಿಣ ಗೋವಾದ ಕೆಳಗೆ ಮುರ್ಗಾಂವ ಹುಡುಕಿ. ಅದರಲ್ಲಿ ದಪ್ಪ ಸಾಲಿನ ‘ಹಿಂದಿ’ ನೋಡಿ ಮುಂದೆ ಹೋಗಬೇಡಿ, ಅದರ ಕೆಳಗೆ ಲಂಬಾಣಿ, ಬಂಜಾರಿ ಬಿಡಿಬಿಡಿಯಾಗಿ ಇರುತ್ತವೆ. ಎರಡನೆಯ, ಮೂರನೆಯ ಭಾಷೆಯಾಗಿ ಕನ್ನಡ ಬಲ್ಲವರಿಗೆ ಸಿ-17. ಎಲ್ಲಿ ಹುಟ್ಟಿದರು, ಎಲ್ಲಿಂದ ಬಂದರು, ಯಾಕೆ ಬಂದರು ಎಂಬುದಕ್ಕೆ ‘ಡಿ’ ಸರಣಿ. ಪರಿಶಿಷ್ಟ ಜಾತಿ, ಪಂಗಡದ ಎಣಿಕೆ ವಾರ್ಡ್ ಮಟ್ಟದವರೆಗೂ ಸಿಗುತ್ತದೆ. ಇವನ್ನು ಪಕ್ಕಪಕ್ಕ ಇಟ್ಟುಕೊಂಡು ಓದಬೇಕು. ಒಂದರ ಮೇಲೊಂದು ಕೂಡಿಸಹೋದರೆ ಓಹಿಯೋದ ಹಾಗೆ ನೂರು ದಾಟುತ್ತದೆ.

ಒಂದು ಎಚ್ಚರಿಕೆ: ಈ ಅಂಕಿಗಳೆಲ್ಲ ಹಳಸಿವೆ. 2021ರಲ್ಲಿ ಗಣತಿ ನಡೆಯಲಿಲ್ಲ. 2011ರ ನಂತರ ಒಡಿಶಾ, ಜಾರ್ಖಂಡ್, ಬಿಹಾರ ಕಡೆಯ ಕೆಲಸಗಾರರು ಗೋವಾದ ಕಟ್ಟಡಗಳಲ್ಲಿ, ಹೋಟೆಲುಗಳಲ್ಲಿ, ದೋಣಿಗಳಲ್ಲಿ ಎಷ್ಟು ತುಂಬಿದ್ದಾರೆಂದು ನೀವೇ ಕಂಡಿರುತ್ತೀರಿ. ಅದಾವುದೂ ಈ ಕೋಷ್ಟಕಗಳಲ್ಲಿಲ್ಲ. ಮುಂದಿನ ಗಣತಿಯ ಎಣಿಕೆಗೆ ಆಧಾರವಾಗಿ ಹಿಡಿಯುವ ದಿನಾಂಕ 2027ರ ಮಾರ್ಚ್ 1 ಎಂದು 2025ರ ಜೂನ್‌ನಲ್ಲಿ ಅಧಿಸೂಚನೆ ಹೊರಟಿದೆ. ಎಲ್ಲ ಜಾತಿಗಳನ್ನೂ ಎಣಿಸುವ ತೀರ್ಮಾನವನ್ನು ಕೇಂದ್ರ ಸಂಪುಟದ ರಾಜಕೀಯ ವ್ಯವಹಾರಗಳ ಸಮಿತಿ ಅದೇ ವರ್ಷ ಏಪ್ರಿಲ್‌ನಲ್ಲಿ ತೆಗೆದುಕೊಂಡಿತು. ಸ್ವತಂತ್ರ ಭಾರತದಲ್ಲಿ ಗಣತಿಯೊಳಗೆ ಇದು ಮೊದಲ ಸಲ. ಪೋರ್ಚುಗೀಸರ ಕೆಳಗಿದ್ದ ಗೋವಾ 1931ರ ಎಣಿಕೆಯಲ್ಲೂ ಇರಲಿಲ್ಲವಲ್ಲ, ಹಾಗಾಗಿ ಇಲ್ಲಿ ಹೋಲಿಸಿ ನೋಡಲು ಆ ಎಣಿಕೆಯ ಅಂಕಿಯೂ ಇಲ್ಲ.

ಗಣತಿಯವರು ನಿಮ್ಮ ಮನೆಗೆ ಬಂದಾಗ ಒಂದು ಕೆಲಸ ಮಾಡಿ. ಸಾಮಾನ್ಯವಾಗಿ ಮನೆಯಲ್ಲಿ ಯಾರೋ ಒಬ್ಬರು ಎಲ್ಲರ ಪರವಾಗಿ ಉತ್ತರ ಹೇಳಿ ಮುಗಿಸುತ್ತಾರೆ, ಗಣತಿದಾರರೂ ಮೊದಲ ಹೆಸರಿಗೆ ಬರೆದ ಭಾಷೆಯನ್ನೇ ಎಲ್ಲರಿಗೂ ಎಳೆದುಬಿಡುವುದುಂಟು. ಮಾತೃಭಾಷೆ ಪ್ರತಿಯೊಬ್ಬರಿಗೂ ಬೇರೆ ಪ್ರಶ್ನೆ. ಸೊಸೆ ಮರಾಠಿಯವಳಾದರೆ ಅವಳ ಹೆಸರಿನ ಮುಂದೆ ಮರಾಠಿಯೇ ಇರಲಿ, ನಿಮ್ಮ ಮುಂದೆ ಕನ್ನಡ ಇರಲಿ. ಬಲ್ಲ ಇತರ ಭಾಷೆ ಎರಡನ್ನು ಬರೆಸಲು ಹಿಂದಿನ ಗಣತಿಗಳಲ್ಲಿ ಜಾಗವಿತ್ತು. ಈ ಸಲವೂ ಕೇಳಿದರೆ ಕೊಂಕಣಿ ಬಿಡಬೇಡಿ. ಪಕ್ಕದ ಲಂಬಾಣಿ ಮನೆಯವರಿಗೂ ಹೇಳಿ, ಮಾತೃಭಾಷೆ ಲಂಬಾಣಿ ಎಂದೇ ಬರೆಸಲಿ, ಬಲ್ಲ ಭಾಷೆಯಲ್ಲಿ ಕನ್ನಡ ಸೇರಿಸಲಿ. ಆಗ ಗೋವಾದ ಸಿ-17 ಕೋಷ್ಟಕದಲ್ಲಾದರೂ ಅವರ ಕನ್ನಡ ಲೆಕ್ಕಕ್ಕೆ ಸಿಗುತ್ತದೆ.